ಆಕಾಶಯಾನ ಸಂಶೋಧನೆಯೂ ಮಹಾಗಣಕಗಳ ನವೀಕರಣವೂ

ವಿಮಾನದ ರೆಕ್ಕೆಯ ಮೇಲೆ ಗಾಳಿಯು ಹೇಗೆ ಹರಿಯುವುದೆಂಬುದನ್ನು ನಿರ್ಣಯಿಸತಕ್ಕ ಸಮೀಕರಣಗಳು, ವಿಮಾನವೆಂಬ ವಸ್ತುವೇ ಇಲ್ಲದಿದ್ದ ಕಾಲದಿಂದಲೂ ಮನುಷ್ಯನ ಕೈಯಲ್ಲಿವೆ. ಫ್ರಾನ್ಸಿನ ನೇವಿಯೆ 1822ರಲ್ಲಿ ಆರಂಭಿಸಿ, ಕೇಂಬ್ರಿಡ್ಜಿನ ಸ್ಟೋಕ್ಸ್ 1845ರಲ್ಲಿ ಸ್ಥಿರವಾದ ರೂಪಕ್ಕೆ ತಂದ ಆ ಸಮೀಕರಣಗಳಲ್ಲಿ ನ್ಯೂಟನ್ನನ ಚಲನನಿಯಮಗಳಿಗೆ ಹೊರತಾದ ರಹಸ್ಯವೇನೂ ಅಡಗಿಲ್ಲ. ಆದರೆ ಅವನ್ನು ಬರೆಯುವುದು ಎಷ್ಟು ಸುಲಭವೋ ಬಿಡಿಸುವುದು ಅಷ್ಟೇ ದುಸ್ಸಾಧ್ಯವೆಂಬುದು ಮುಂದಿನ ನೂರು ವರ್ಷಗಳಲ್ಲಿ ಗಣಿತಜ್ಞರಿಗೆಲ್ಲ ಮನವರಿಕೆಯಾಯಿತು. ಆದುದರಿಂದ ವಿಮಾನಶಿಲ್ಪಿಗಳು ಲೇಖನಿಯನ್ನು ಕೆಳಗಿಟ್ಟು ವಾಯುಸುರಂಗವನ್ನು ಆಶ್ರಯಿಸಿದರು. ಮಾದರಿಯನ್ನು ಕಡೆದು, ಅದರ ಮೇಲೆ ಗಾಳಿಯನ್ನು ಹಾಯಿಸಿ, ಸಮೀಕರಣವು ಹೇಳಲಾರದೆ ಉಳಿಸಿದ ಉತ್ತರವನ್ನು ಪ್ರಕೃತಿಯ ಬಾಯಿಂದಲೇ ಹೊರಡಿಸಿದರು. ವಿದ್ಯುದ್ಗಣಕವು ಬಂದು, ಕೋಟಿಗಟ್ಟಲೆ ಸಣ್ಣ ಲೆಕ್ಕಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಲೆಕ್ಕವನ್ನು ಸಾಧಿಸುವ ಮಾರ್ಗ ತೆರೆದ ಮೇಲೆ, ಆ ಹಳೆಯ ಸಮೀಕರಣಗಳಿಗೆ ಹೊಸ ಜೀವ ಬಂದಿತು.

ಆದರೆ ಈ ಎರಡು ಸಾಧನಗಳ ಆಯುಷ್ಯದಲ್ಲಿ ಅಜಗಜಾಂತರವಿದೆ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ಆವರಣದಲ್ಲಿ 1967ರಲ್ಲಿ ಆರಂಭವಾದ 1.2 ಮೀಟರ್ ವಾಯುಸುರಂಗವು ಅರ್ಧಶತಮಾನವನ್ನು ದಾಟಿಯೂ ನಮ್ಮ ದೇಶದ ರಾಕೆಟ್ಟುಗಳಿಗೂ ಯುದ್ಧವಿಮಾನಗಳಿಗೂ ಸೇವೆ ಸಲ್ಲಿಸುತ್ತ ಬಂದಿದೆ. ಮಹಾಗಣಕವಾದರೋ ಸ್ಥಾಪನೆಯಾದ ಐದಾರು ವರ್ಷಗಳಲ್ಲಿಯೇ ಮುದಿತನಕ್ಕೆ ಸಲ್ಲುತ್ತದೆ. ಹೀಗೆ ಬೇಗಬೇಗನೆ ಸವೆಯುವ, ಬಹು ಬೆಲೆಯುಳ್ಳ ಈ ಯಂತ್ರವನ್ನು ಯಾವಾಗ, ಯಾವ ಕ್ರಮದಲ್ಲಿ, ಏನನ್ನು ಉದ್ದೇಶಿಸಿ ನವೀಕರಿಸಬೇಕೆಂಬುದು ವಿಮಾನ ಮತ್ತು ಅಂತರಿಕ್ಷ ಸಂಶೋಧನೆಯನ್ನು ಕೈಗೊಂಡ ಪ್ರತಿಯೊಂದು ದೇಶಕ್ಕೂ ಇದಿರಾಗಿರುವ ಪ್ರಶ್ನೆ. ಇದನ್ನು ಖರೀದಿಯ ಪ್ರಶ್ನೆಯೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಯಂತ್ರವು ಈ ಉದ್ಯಮದ ಅಂಗಗಳಲ್ಲೆಲ್ಲ ಅತ್ಯಂತ ಅಲ್ಪಾಯುವಾದುದೆಂದೂ, ಗಣಿತವೂ ಕ್ರಮವಿಧಿಗಳೂ ಅವನ್ನು ಬಲ್ಲ ಜನರೂ ಅದಕ್ಕಿಂತ ಬಹುಕಾಲ ಬಾಳತಕ್ಕವರೆಂದೂ, ಆದಕಾರಣ ನವೀಕರಣದ ಆಲೋಚನೆಯು ಅವರಿಂದಲೇ ಮೊದಲಾಗಬೇಕೆಂದೂ ನನಗೆ ತೋರಿದೆ.

ಗಾಳಿಯ ಪ್ರವಾಹವನ್ನು ಗಣಕದಲ್ಲಿ ಲೆಕ್ಕಿಸುವ ಕ್ರಮವು ತತ್ತ್ವತಃ ಸರಳವಾದುದು. ವಿಮಾನದ ಸುತ್ತಲಿನ ಅವಕಾಶವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಭಜಿಸಿ, ಪ್ರತಿಯೊಂದು ಕೋಶದಲ್ಲಿಯೂ ಗಾಳಿಯ ಸಾಂದ್ರತೆ, ಮೂರು ದಿಕ್ಕುಗಳ ಸಂವೇಗ, ಶಕ್ತಿ ಎಂಬ ಐದು ಪರಿಮಾಣಗಳನ್ನು ಇರಿಸಿ, ನೆರೆಯ ಕೋಶಗಳೊಡನೆ ಅವು ನಡೆಸುವ ಕೊಡುಕೊಳೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕಿಸುತ್ತ ಹೋಗುವುದೇ ಆ ಕ್ರಮ. ಕೋಶದ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಮೂರು ಆಯಾಮಗಳಲ್ಲಿಯೂ ಕೋಶಗಳು ಇಮ್ಮಡಿಯಾಗಿ ಒಟ್ಟು 8 ಪಟ್ಟಾಗುವುವು. ಕೌರಾಂಟ್, ಫ್ರೀಡ್ರಿಕ್ಸ್, ಲ್ಯೂಯಿ ಎಂಬ ಮೂವರು ಗಣಿತಜ್ಞರು 1928ರಲ್ಲಿಯೇ ತೋರಿಸಿಕೊಟ್ಟ ನಿಯಮದಂತೆ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗಿ ಬಂದಾಗ, ಶ್ರಮವು 16 ಪಟ್ಟಾಗುವುದು. ಎಂದರೆ, ಈಗಿನದಕ್ಕಿಂತ 16 ಪಟ್ಟು ವೇಗದ ಗಣಕವನ್ನು ಬಹು ವೆಚ್ಚದಿಂದ ತಂದು ನಿಲ್ಲಿಸಿದ ಸಂಸ್ಥೆಗೆ ದೊರೆಯುವುದು ದೃಷ್ಟಿಯ ಸೂಕ್ಷ್ಮತೆಯಲ್ಲಿ ಕೇವಲ ಇಮ್ಮಡಿಯ ಲಾಭ.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ನಳಿಗೆಯೊಳಗೆ ಬಣ್ಣದ ನೀರನ್ನು ಹರಿಯಿಸಿ, ಶಾಂತವಾದ ಪ್ರವಾಹವು ಒಂದು ಮಿತಿಯನ್ನು ಮೀರಿದೊಡನೆ ಹೇಗೆ ಸುಳಿಸುಳಿಯಾಗಿ ಕದಡಿಹೋಗುವುದೆಂಬುದನ್ನು ತೋರಿಸಿದನು. ಆ ಮಿತಿಯನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆಯು ನಳಿಗೆಯಲ್ಲಿ ಕೆಲವು ಸಾವಿರವಾದರೆ, ಪ್ರಯಾಣಿಕ ವಿಮಾನದ ರೆಕ್ಕೆಯಲ್ಲಿ ಕೋಟಿಗಳನ್ನು ಮುಟ್ಟುತ್ತದೆ. ಇಷ್ಟು ವೇಗದಲ್ಲಿ ರೆಕ್ಕೆಯ ಮೈಗೆ ಅಂಟಿದ ಗಾಳಿಯ ಪದರದಲ್ಲಿ, ಮೀಟರುಗಟ್ಟಲೆ ಹರಹಿನ ಸುಳಿಗಳಿಂದ ಹಿಡಿದು ಮಿಲಿಮೀಟರಿನ ಅಲ್ಪಾಂಶದ ಸುಳಿಗಳವರೆಗೆ ಎಲ್ಲವೂ ಏಕಕಾಲದಲ್ಲಿ ಇರುತ್ತವೆ. ರಷ್ಯದ ಕೊಲ್ಮೊಗೊರೊವ್ 1941ರಲ್ಲಿ ಪ್ರತಿಪಾದಿಸಿದ ಸಿದ್ಧಾಂತವನ್ನು ಅನುಸರಿಸಿ ಗುಣಿಸಿದರೆ, ಅತ್ಯಂತ ಸಣ್ಣ ಸುಳಿಯನ್ನೂ ಬಿಡದೆ ಲೆಕ್ಕಿಸುವ ಶ್ರಮವು ರೆನಾಲ್ಡ್ಸ್ ಸಂಖ್ಯೆಯ ಘನದಂತೆ ಬೆಳೆಯುವುದು; ಆ ಸಂಖ್ಯೆ 10 ಪಟ್ಟಾದರೆ ಶ್ರಮವು 1000 ಪಟ್ಟು. ಇಡೀ ವಿಮಾನವನ್ನು ಈ ರೀತಿಯಲ್ಲಿ ಲೆಕ್ಕಿಸಬಲ್ಲ ಯಂತ್ರವು ಇಂದು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಇಲ್ಲಿ ಗಣಿತದ ಚಾತುರ್ಯವು ಯಂತ್ರದ ಬಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ರೆನಾಲ್ಡ್ಸನೇ 1895ರಲ್ಲಿ ಸೂಚಿಸಿದಂತೆ, ಸುಳಿಗಳನ್ನೆಲ್ಲ ಸರಾಸರಿಯಾಗಿ ಅಡಗಿಸಿ, ಅವುಗಳ ಪರಿಣಾಮವನ್ನು ಅನುಭವಸಿದ್ಧವಾದ ಸೂತ್ರಗಳಿಂದ ತುಂಬುವುದು ಒಂದು ಮಾರ್ಗ. ಇಂದಿಗೂ ವಿಮಾನಕಾರ್ಖಾನೆಗಳ ನಿತ್ಯದ ಕೆಲಸವೆಲ್ಲ ನಡೆಯುವುದು ಬಹುಮಟ್ಟಿಗೆ ಇದರಿಂದಲೇ. ದೊಡ್ಡ ಸುಳಿಗಳನ್ನು ಸಾಕ್ಷಾತ್ತಾಗಿ ಲೆಕ್ಕಿಸಿ ಸಣ್ಣವನ್ನು ಮಾತ್ರ ಸೂತ್ರಕ್ಕೆ ಒಪ್ಪಿಸುವುದು ಎರಡನೆಯ ಮಾರ್ಗ. ಈ ಎರಡನೆಯದರಲ್ಲಿಯೂ ಒಳಭೇದವುಂಟು: ರೆಕ್ಕೆಯ ಮೈಗೆ ತಾಗಿದ ಪದರವನ್ನು ಪೂರ್ಣವಾಗಿ ಲೆಕ್ಕಿಸಹೊರಟರೆ ರೆನಾಲ್ಡ್ಸ್ ಸಂಖ್ಯೆ 10 ಪಟ್ಟಾದಾಗ ಕೋಶಗಳು ಸುಮಾರು 70 ಪಟ್ಟಾಗಬೇಕು, ಆ ಪದರಕ್ಕೆ ಮಾತ್ರ ಒಂದು ಸೂತ್ರವನ್ನು ಹೊದಿಸಿದರೆ 10 ಪಟ್ಟು ಸಾಕೆಂದು ಚೋಯ್ ಮತ್ತು ಮೊಯಿನ್ ಎಂಬ ವಿದ್ವಾಂಸರು 2012ರಲ್ಲಿ ಗಣಿಸಿದರು. 70ಕ್ಕೂ 10ಕ್ಕೂ ಇರುವ ಈ ಅಂತರವನ್ನು ಒದಗಿಸಿದ್ದು ಕಾಗದದ ಮೇಲಿನ ಚಿಂತನೆ. ಅದೇ ಅಂತರವನ್ನು ಯಂತ್ರದಿಂದಲೇ ತುಂಬಬೇಕಾದರೆ ಒಂದು ಇಡೀ ಪೀಳಿಗೆಯ ಗಣಕಗಳು ಬೇಕಾಗುತ್ತವೆ.

ನವೀಕರಣದ ಇತಿಹಾಸವನ್ನು ಅರಿಯಬೇಕಾದರೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರವನ್ನು ನೋಡುವುದು ಅವಶ್ಯ. ಬಹು ದೊಡ್ಡ ವಾಯುಸುರಂಗಗಳಿಗೆ ಹೆಸರಾದ ಅದೇ ಆವರಣಕ್ಕೆ 1972ರಲ್ಲಿ ಇಲಿಯಾಕ್ 4 ಎಂಬ ಗಣಕವು ಬಂದಿಳಿಯಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 256 ಗಣನಾಂಗಗಳುಳ್ಳದ್ದಾಗಿ ಕಲ್ಪಿತವಾಗಿ, 64 ಅಂಗಗಳೊಂದಿಗೆ ಮಾತ್ರ ನಿರ್ಮಿತವಾದ ಅದು, ವಿಶ್ವಾಸಕ್ಕೆ ಯೋಗ್ಯವಾಗಿ ನಡೆಯತೊಡಗಲು ಮೂರು ವರ್ಷಗಳೇ ಹಿಡಿದುವು. ಆದರೆ ಏಕಕಾಲದಲ್ಲಿ ಅನೇಕ ಅಂಗಗಳಿಂದ ಲೆಕ್ಕ ಮಾಡಿಸುವುದೆಂದರೇನೆಂಬುದನ್ನು ಏಮ್ಸಿನ ವಾಯುಗತಿವಿಜ್ಞಾನಿಗಳು ಕಲಿತದ್ದು ಆ ತೊಡಕಿನ ಯಂತ್ರದಿಂದಲೇ. ಡೀನ್ ಚಾಪ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1975ರಲ್ಲಿ, ಗಣಕವು ಕಾಲಕ್ರಮದಲ್ಲಿ ವಾಯುಸುರಂಗದ ಕಾರ್ಯದ ಬಹುಭಾಗವನ್ನು ವಹಿಸಿಕೊಳ್ಳುವುದೆಂದು ವಾದಿಸಿದಾಗ ಸುರಂಗದ ಪಂಡಿತರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಆ ವಿವಾದದ ಫಲವಾಗಿ ಯಾವ ಪ್ರವಾಹಕ್ಕೆ ಎಷ್ಟು ಸ್ಮೃತಿ, ಎಷ್ಟು ವೇಗ ಬೇಕೆಂಬ ಗಣನೆ ಶಾಸ್ತ್ರೀಯವಾಗಿ ನಡೆಯಿತು.

1980ರ ದಶಕದಲ್ಲಿ ಅಲ್ಲಿ ಆರಂಭವಾದ ಸಂಖ್ಯಾತ್ಮಕ ವಾಯುಗತಿ ಯೋಜನೆಯು ನವೀಕರಣವನ್ನು ಮೊದಲಿನಿಂದಲೇ ತನ್ನ ಶರೀರದಲ್ಲಿ ಸೇರಿಸಿಕೊಂಡಿತ್ತು. 1985ರಲ್ಲಿ ಕ್ರೇ 2 ಗಣಕವು ಬಂದಿತು. ಸೆಕೆಂಡಿಗೆ 25 ಕೋಟಿ ಲೆಕ್ಕಗಳ ನಿರಂತರ ವೇಗವು ಆಗ ಗುರಿಯಾಗಿದ್ದರೂ, ಸಂಶೋಧಕರು ಅದನ್ನು ಮೆಚ್ಚಿದ್ದು ಆ ಕಾಲಕ್ಕೆ ಅಪೂರ್ವವಾದ ಅದರ ವಿಶಾಲ ಸ್ಮೃತಿಗಾಗಿ. ಮೂರು ವರ್ಷಗಳಲ್ಲಿ ಕ್ರೇ ವೈ-ಎಂಪಿ ಅದರ ಪಕ್ಕಕ್ಕೆ ಬಂದು ನಿಂತಿತು. ಹೊಸದು ಬರುವಾಗ ಹಳೆಯದು ನಡೆಯುತ್ತಲೇ ಇರಬೇಕು, ಒಂದರಲ್ಲಿ ನಿತ್ಯದ ಕೆಲಸ ಸಾಗುತ್ತಿರುವಾಗ ಮತ್ತೊಂದರಲ್ಲಿ ಕ್ರಮವಿಧಿಗಳನ್ನು ಒಗ್ಗಿಸಬೇಕು ಎಂಬುದು ಅವರ ಕ್ರಮ. ಅದಕ್ಕಿಂತಲೂ ದೂರದೃಷ್ಟಿಯದು, ಬೇರೆ ಬೇರೆ ತಯಾರಕರ ಯಂತ್ರಗಳ ಮೇಲೆಲ್ಲ ಯೂನಿಕ್ಸ್ ಎಂಬ ಒಂದೇ ನಿರ್ವಾಹಕ ವ್ಯವಸ್ಥೆಯಿರಬೇಕೆಂದು ಅವರು ಮಾಡಿದ ನಿರ್ಧಾರ. ಯಂತ್ರ ಬದಲಾದಾಗಲೆಲ್ಲ ಸಂಶೋಧಕನು ತನ್ನ ಕೆಲಸವನ್ನು ಅಕ್ಷರಾಭ್ಯಾಸದಿಂದ ಆರಂಭಿಸಬೇಕಾದ ಸಂಕಷ್ಟವನ್ನು ಅದು ತಪ್ಪಿಸಿತು.

ಅದೇ ಕೇಂದ್ರದಲ್ಲಿ 2004ರಲ್ಲಿ ಸ್ಥಾಪಿತವಾದ ಗಣಕಕ್ಕೆ ಕೊಲಂಬಿಯ ಎಂದು ಹೆಸರಿಟ್ಟರು. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಅದೇ ಹೆಸರಿನ ಆಕಾಶನೌಕೆಯು ಭೂಮಿಗೆ ಮರಳುತ್ತಿರುವಾಗ ಛಿದ್ರವಾಗಿ, ಕರ್ನಾಲದಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಮೃತಿಹೊಂದಿದ್ದರು. ಉಡಾವಣೆಯ ಸಮಯದಲ್ಲಿ ಕಳಚಿದ ನೊರೆಯ ತುಂಡೊಂದು ರೆಕ್ಕೆಯ ಅಂಚಿಗೆ ಬಡಿದದ್ದೇ ಆ ದುರಂತದ ಕಾರಣವೆಂದು ತಿಳಿದುದರಿಂದ, ಮತ್ತೆ ನೌಕೆಯನ್ನು ಹಾರಿಸುವ ಮುನ್ನ ಅಂತಹ ತುಂಡುಗಳು ಪ್ರವಾಹದಲ್ಲಿ ಎಲ್ಲಿಗೆ ಸಾಗಬಹುದೆಂಬುದನ್ನು ಬಹುವಾಗಿ ಲೆಕ್ಕಿಸಬೇಕಾಗಿತ್ತು. 10,240 ಸಂಸ್ಕಾರಕಗಳ ಆ ಗಣಕವನ್ನು ನಾಲ್ಕು ತಿಂಗಳೊಳಗೆ ನಿಲ್ಲಿಸಿದರು. ಕಲ್ಪನಾ ಚಾವ್ಲಾ ಅವರು ಅಂತರಿಕ್ಷಯಾತ್ರಿಯಾಗುವ ಮುನ್ನ ಏಮ್ಸಿನಲ್ಲಿಯೇ ವಾಯುಪ್ರವಾಹಗಳನ್ನು ಗಣಕದಿಂದ ಲೆಕ್ಕಿಸುವ ಸಂಶೋಧನೆಯನ್ನು ಮಾಡುತ್ತಿದ್ದವರೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಕೊಲಂಬಿಯದ ಅನಂತರ 2008ರಲ್ಲಿ ಬಂದ ಪ್ಲೀಯಡೀಸ್ ಗಣಕವು ನವೀಕರಣದ ಮತ್ತೊಂದು ಪದ್ಧತಿಗೆ ನಿದರ್ಶನ. ಅದನ್ನು ಒಮ್ಮೆಗೇ ಕಿತ್ತು ಹೊಸದನ್ನು ಇಡಲಿಲ್ಲ; ಇಂಟೆಲ್ ಸಂಸ್ಥೆಯ ಸಂಸ್ಕಾರಕಗಳಲ್ಲಿ ಹೊಸ ಪೀಳಿಗೆ ಬಂದಂತೆಲ್ಲ ಅದರ ಕಪಾಟುಗಳನ್ನು ಸೇರಿಸುತ್ತ, ತೀರ ಹಳೆಯವನ್ನು ತೆಗೆಯುತ್ತ, ಇಡೀ ಯಂತ್ರವನ್ನು ನಿಲ್ಲಿಸದೆಯೇ ಬೆಳೆಸಿಕೊಂಡು ಬಂದರು. ಹಲವು ಪೀಳಿಗೆಗಳು ಒಂದೇ ಯಂತ್ರದಲ್ಲಿ ಕೂಡಿ ದುಡಿಯುವುದರಿಂದ ಕೆಲಸವನ್ನು ಸಮನಾಗಿ ಹಂಚುವುದು ತೊಡಕಾದರೂ, ಹಣವನ್ನು ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಪಡೆಯುವ ಸರಕಾರಿ ಸಂಸ್ಥೆಗಳಿಗೆ ಈ ಪದ್ಧತಿ ಹೊಂದಿಕೊಳ್ಳುತ್ತದೆ. ನಮ್ಮ ಸಂಸ್ಥೆಗಳು ಇದನ್ನು ಸಾವಧಾನವಾಗಿ ಅಭ್ಯಸಿಸಬೇಕು.

ಜಪಾನಿನ ಮಾರ್ಗ ಬೇರೆ. ಟೋಕಿಯೊ ನಗರದ ಹೊರವಲಯದ ಚೋಫುವಿನಲ್ಲಿದ್ದ ಅವರ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಹಾಜಿಮೆ ಮಿಯೋಶಿ ಎಂಬ ಧೀಮಂತರಿದ್ದರು. ತಮ್ಮಲ್ಲಿದ್ದ ಗಣಕಕ್ಕಿಂತ 100 ಪಟ್ಟು ಸಾಮರ್ಥ್ಯವುಳ್ಳದ್ದೊಂದು ವಾಯುಗತಿಯ ಲೆಕ್ಕಗಳಿಗೆ ಬೇಕೆಂದು ನಿಶ್ಚಯಿಸಿ, ಆ ಲೆಕ್ಕಗಳ ಸ್ವಭಾವವನ್ನೇ ಆಧಾರವಾಗಿಟ್ಟುಕೊಂಡು ಯಂತ್ರದ ರಚನೆಯನ್ನು ಕಲ್ಪಿಸಿ, ಫುಜಿತ್ಸು ಸಂಸ್ಥೆಯೊಡನೆ ಸೇರಿ ಅದನ್ನು ಕಟ್ಟಿಸಿದರು. ಸಂಖ್ಯಾತ್ಮಕ ವಾಯುಸುರಂಗವೆಂದೇ ಹೆಸರಾದ ಆ ಗಣಕವು 1993ರ ನವೆಂಬರಿನಲ್ಲಿ 140 ಸಂಸ್ಕಾರಕಗಳೊಂದಿಗೆ ಜಗತ್ತಿನ ಅತಿವೇಗದ ಗಣಕಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೆ ಬಂದಿತು. ವಿಮಾನಶಾಸ್ತ್ರಕ್ಕೆಂದು ನಿರ್ಮಿತವಾದ ಯಂತ್ರವೊಂದು ಲೋಕದ ಯಂತ್ರಗಳಿಗೆಲ್ಲ ಮೇಲಾದ ಆ ಸಂದರ್ಭವು ಆಕಸ್ಮಿಕವಲ್ಲ. ಬಳಸತಕ್ಕವರೇ ರಚನೆಯ ಸೂತ್ರಧಾರರಾಗಿದ್ದುದರ ಫಲ ಅದು. ಮಿಯೋಶಿಯವರು ಮುಂದೆ ಭೂಮಿಯ ವಾತಾವರಣವನ್ನು ಲೆಕ್ಕಿಸುವ ಅರ್ಥ್ ಸಿಮ್ಯುಲೇಟರ್ ಗಣಕದ ಕರ್ತೃವಾಗಿ, ಅದು 2002ರಲ್ಲಿ ಪೂರ್ಣಗೊಳ್ಳುವ ಮೊದಲೇ ತೀರಿಕೊಂಡರು. ಚೋಫುವಿನ ಗಣಕಗಳು ಮಾತ್ರ ಕೆಲವು ವರ್ಷಗಳಿಗೊಮ್ಮೆ ತಪ್ಪದೆ ನವೀಕೃತವಾಗುತ್ತ ಬಂದು, 2020ರಲ್ಲಿ ಆರಂಭವಾದ ಈಚಿನ ಪೀಳಿಗೆಯ ಮುಖ್ಯಭಾಗವು 19.4 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕಗಳು) ಸಾಮರ್ಥ್ಯವನ್ನು ಪಡೆದಿದೆ.

ನಮ್ಮ ದೇಶದ ಕಥೆಯನ್ನು ಬೆಂಗಳೂರಿನಿಂದಲೇ ಆರಂಭಿಸಬೇಕು. ಕನ್ನಡದಲ್ಲಿ ವಿಜ್ಞಾನವನ್ನು ಬರೆದು ಕೀರ್ತಿವಂತರಾದ ಆರ್. ಎಲ್. ನರಸಿಂಹಯ್ಯನವರ ಪುತ್ರರೂ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನರ ಶಿಷ್ಯರೂ ಆಗಿದ್ದ ರೊದ್ದಂ ನರಸಿಂಹ ಅವರು 1984ರಲ್ಲಿ ಎನ್‌ಎಎಲ್ ಸಂಸ್ಥೆಯ ನಿರ್ದೇಶಕರಾದರು. ಶಾಂತಪ್ರವಾಹವು ಕ್ಷುಬ್ಧವಾಗುವ ಬಗೆಯನ್ನೂ, ಕ್ಷುಬ್ಧವಾದುದು ಮರಳಿ ಶಾಂತವಾಗುವ ಬಗೆಯನ್ನೂ ಜೀವನವೆಲ್ಲ ಅಭ್ಯಸಿಸಿದ ಅವರಿಗೆ, ಆ ಲೆಕ್ಕಗಳಿಗೆ ತಕ್ಕ ಗಣಕವು ನಮ್ಮಲ್ಲಿಲ್ಲವೆಂಬುದೂ, ಹೊರಗಿನಿಂದ ತರಿಸುವುದಕ್ಕೆ ಪರದೇಶದ ಅನುಮತಿ ಸುಲಭವಾಗಿ ದೊರಕದೆಂಬುದೂ ಚೆನ್ನಾಗಿ ತಿಳಿದಿದ್ದಿತು. ಉತ್ತಮ ಗಣಕಗಳನ್ನು ಕ್ಷಿಪಣಿಗಳ ಕೆಲಸಕ್ಕೂ ಬಳಸಬಹುದೆಂಬ ಶಂಕೆಯಿಂದ ಅಮೆರಿಕವು ಅವುಗಳ ರಫ್ತನ್ನು ಬಿಗಿಯಾಗಿ ನಿಯಂತ್ರಿಸುತ್ತಿದ್ದ ಕಾಲ ಅದು; ಬಹು ಮಾತುಕತೆಗಳ ಅನಂತರ ಭಾರತಕ್ಕೆ ದೊರೆತ ಕ್ರೇ ಎಕ್ಸ್-ಎಂಪಿ ಗಣಕವೂ ದೆಹಲಿಯಲ್ಲಿ ಹವಾಮಾನದ ಮುನ್ಸೂಚನೆಗೆಂದು ಬಂದದ್ದು.

ಈ ಪರಿಸ್ಥಿತಿಯಲ್ಲಿ ಎನ್‌ಎಎಲ್ ಸಂಸ್ಥೆಯು ತನ್ನ ಗಣಕವನ್ನು ತಾನೇ ಕಟ್ಟಲು ನಿಶ್ಚಯಿಸಿತು. ಯು. ಎನ್. ಸಿನ್ಹಾ ಅವರ ನೇತೃತ್ವದಲ್ಲಿ 1986ರಲ್ಲಿ ಸಿದ್ಧವಾದ ಫ್ಲೋಸಾಲ್ವರ್, ಭಾರತದ ಪ್ರಥಮ ಸಮಾಂತರ ಗಣಕವೆಂಬ ಗಣನೆಗೆ ಪಾತ್ರವಾಗಿದೆ. ಅದರಲ್ಲಿದ್ದದ್ದು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಇಂಟೆಲ್ 8086 ಮತ್ತು 8087 ಎಂಬ ಸಾಮಾನ್ಯ ಸಂಸ್ಕಾರಕಗಳೇ; ಅಸಾಮಾನ್ಯವಾಗಿದ್ದದ್ದು ಅವನ್ನು ಒಂದಕ್ಕೊಂದು ಹೊಂದಿಸಿದ ವಿಚಾರ. ಪ್ರವಾಹದ ಲೆಕ್ಕದಲ್ಲಿ ಅವಕಾಶವನ್ನು ತುಂಡುಗಳಾಗಿ ಹಂಚಿಕೊಟ್ಟರೆ, ಪ್ರತಿಯೊಂದು ಸಂಸ್ಕಾರಕವೂ ತನ್ನ ತುಂಡಿನ ಅಂಚಿನಲ್ಲಿರುವ ಸಂಖ್ಯೆಗಳನ್ನು ಮಾತ್ರ ನೆರೆಯವರಿಗೆ ತಿಳಿಸಿದರೆ ಸಾಕೆಂಬುದನ್ನು ಅರಿತು, ಆ ವಿನಿಮಯಕ್ಕೆ ತಕ್ಕಂತೆ ಯಂತ್ರವನ್ನು ರಚಿಸಿದರು. ಅನಂತರದ ವರ್ಷಗಳಲ್ಲಿ ಅದರ ಹಲವು ಆವೃತ್ತಿಗಳು ಬಂದುವು. ಸಂಸ್ಕಾರಕಗಳು ಬದಲಾದುವು, ಅವುಗಳ ನಡುವಣ ಸಂವಹನಕ್ಕಾಗಿ ಫ್ಲೋಸ್ವಿಚ್ ಎಂಬ ವಿಶೇಷ ಸಾಧನವನ್ನೂ ಸಂಸ್ಥೆಯಲ್ಲಿಯೇ ರೂಪಿಸಿದರು, ಮುಂಗಾರು ಮಳೆಯ ಲೆಕ್ಕಗಳಿಗೂ ಅದನ್ನು ವಿಸ್ತರಿಸಿದರು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಗಣಕವು 1991ರಲ್ಲಿ ಬಂದು ದೇಶದ ಗಮನವನ್ನೆಲ್ಲ ಸೆಳೆದುದರಿಂದ ಫ್ಲೋಸಾಲ್ವರಿನ ಹೆಸರು ಜನಸಾಮಾನ್ಯರಲ್ಲಿ ಅಷ್ಟಾಗಿ ಹರಡಲಿಲ್ಲ. ಆದರೂ, ಸಂಸ್ಥೆಯೊಂದು ತನ್ನ ಪ್ರವಾಹಕ್ಕೆ ಬೇಕಾದ ಗಣಕವನ್ನು ತನ್ನ ಗಣಿತದಿಂದಲೇ ನಿಗಮನ ಮಾಡಿಕೊಂಡ ಆ ಸಾಹಸವು, ಚೋಫುವಿನ ಕೆಲಸದ ಗಾತ್ರಕ್ಕೆ ಬಾರದಿದ್ದರೂ, ಜಾತಿಯಲ್ಲಿ ಅದಕ್ಕೆ ಸಮಾನವಾದುದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಅದೇ ಮನೋಧರ್ಮವು ತಿರುವನಂತಪುರದ ವಿಕ್ರಂ ಸಾರಾಭಾಯಿ ಅಂತರಿಕ್ಷ ಕೇಂದ್ರದಲ್ಲಿಯೂ ಕಾಣಬರುತ್ತದೆ. ಅಲ್ಲಿನ ವಾಯುಗತಿಜ್ಞರು ಪರಾಸ್ ಎಂಬ ತಮ್ಮದೇ ಆದ ಕ್ರಮವಿಧಿಯನ್ನು ಬಹುಕಾಲದಿಂದ ಬೆಳೆಸಿಕೊಂಡು ಬಂದು, ಚಿತ್ರಗಳನ್ನು ಮೂಡಿಸಲೆಂದು ಹುಟ್ಟಿದ ಜಿಪಿಯು ಬಿಲ್ಲೆಗಳು ಇಂತಹ ಲೆಕ್ಕಗಳಿಗೆ ಒದಗುವುವೆಂಬುದನ್ನು ಬೇಗನೆ ಮನಗಂಡು, 400 ಜಿಪಿಯುಗಳನ್ನೂ 400 ಸಾಮಾನ್ಯ ಸಂಸ್ಕಾರಕಗಳನ್ನೂ ಕೂಡಿಸಿ ಸಾಗಾ-220 ಎಂಬ ಗಣಕವನ್ನು ಕಟ್ಟಿದರು. 2011ರ ಮೇ ತಿಂಗಳಲ್ಲಿ ಪ್ರಕಟವಾದ ಅದು 220 ಟೆರಾಫ್ಲಾಪ್ (ಟೆರಾಫ್ಲಾಪ್ ಎಂದರೆ ಪೆಟಾಫ್ಲಾಪಿನ ಸಾವಿರದ ಒಂದು ಭಾಗ) ಸಾಮರ್ಥ್ಯದಿಂದ ಆಗ ಭಾರತದಲ್ಲಿಯೇ ಅತ್ಯಂತ ವೇಗದ್ದಾಗಿದ್ದು, ತಗುಲಿದ ವೆಚ್ಚವು ಸುಮಾರು 14 ಕೋಟಿ ರೂಪಾಯಿ, ಬೇಕಾದ ವಿದ್ಯುತ್ತು 150 ಕಿಲೋವಾಟ್ ಮಾತ್ರ. ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರಟಿ ಎಂಬ ಕ್ರೇ ಗಣಕವು ಬಂದು ಪೆಟಾಫ್ಲಾಪ್ ಮಟ್ಟವನ್ನು ಮುಟ್ಟಿತು. ಅದೇ ವರ್ಷ 4,500 ಕೋಟಿ ರೂಪಾಯಿಗಳ ಅಂದಾಜಿನೊಡನೆ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಫಲವಾಗಿ 2022ರಲ್ಲಿ 3.3 ಪೆಟಾಫ್ಲಾಪಿನ ಪರಮ್ ಪ್ರವೇಗ ಅಲ್ಲಿಯೇ ಸ್ಥಾಪಿತವಾಯಿತು. ವಿಜ್ಞಾನ ಸಂಸ್ಥೆಯ ಈ ಎರಡೂ ಎಲ್ಲ ಶಾಸ್ತ್ರಗಳಿಗೂ ಸೇರಿದ ಯಂತ್ರಗಳಾದುದರಿಂದ ವಿಮಾನಶಾಸ್ತ್ರಜ್ಞನು ಜೀವಶಾಸ್ತ್ರಜ್ಞನೊಡನೆಯೂ ವಸ್ತುವಿಜ್ಞಾನಿಯೊಡನೆಯೂ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಯಂತ್ರವನ್ನು ಆರಿಸುವಾಗ ಅತಿ ಸಾಮಾನ್ಯವಾಗಿ ಆಗುವ ಪ್ರಮಾದವೆಂದರೆ ಗರಿಷ್ಠ ವೇಗದ ಸಂಖ್ಯೆಯೊಂದನ್ನೇ ಪ್ರಮಾಣವಾಗಿ ಹಿಡಿಯುವುದು. ಜಗತ್ತಿನ 500 ಗಣಕಗಳ ಪಟ್ಟಿಯನ್ನು ನಿರ್ಣಯಿಸುವ ಪರೀಕ್ಷೆಯಲ್ಲಿ ಒಮ್ಮೆ ಸ್ಮೃತಿಯಿಂದ ತಂದ ಸಂಖ್ಯೆಯ ಮೇಲೆ ಬಹುವಾಗಿ ಲೆಕ್ಕ ಮಾಡಬಹುದು. ಪ್ರವಾಹದ ಲೆಕ್ಕದಲ್ಲಾದರೋ ಕೋಶದ ಐದು ಸಂಖ್ಯೆಗಳನ್ನೂ ನೆರೆಕೋಶಗಳ ಸಂಖ್ಯೆಗಳನ್ನೂ ತಂದು, ಅಲ್ಪ ಲೆಕ್ಕ ಮಾಡಿ, ಮತ್ತೆ ಒಯ್ದಿಡಬೇಕು. ಬೀಸುಕಲ್ಲು ಎಷ್ಟು ರಭಸದಿಂದ ತಿರುಗಿದರೂ ಕಾಳು ಹಾಕುವ ಕೈ ನಿಧಾನವಾದರೆ ಹಿಟ್ಟು ಬೀಳುವುದು ಕೈಯ ವೇಗದಲ್ಲಿಯೇ. ಇದನ್ನು ಅಳೆಯಲೆಂದೇ ರೂಪಿತವಾದ ಎಚ್‌ಪಿಸಿಜಿ ಎಂಬ ಮತ್ತೊಂದು ಪರೀಕ್ಷೆಯಲ್ಲಿ, 2022ರಲ್ಲಿ ಮೊದಲ ಬಾರಿಗೆ ಎಕ್ಸಾಫ್ಲಾಪ್ (ಸಾವಿರ ಪೆಟಾಫ್ಲಾಪ್) ಮಿತಿಯನ್ನು ದಾಟಿದ ಅಮೆರಿಕದ ಫ್ರಾಂಟಿಯರ್ ಗಣಕವು ತನ್ನ ಘೋಷಿತ ವೇಗದ ನೂರಕ್ಕೆ ಒಂದರಷ್ಟನ್ನು ಮಾತ್ರ ತೋರಿಸಿತು. ಅದಕ್ಕಿಂತ ಹಿಂದಿನದಾದ ಜಪಾನಿನ ಫುಗಾಕು ಗಣಕವು, ಪಟ್ಟಿಯಲ್ಲಿ ಕೆಳಗಿಳಿದಿದ್ದರೂ, ಸ್ಮೃತಿಯ ಹಾದಿ ವಿಶಾಲವಾಗಿದ್ದುದರಿಂದ ಈ ಪರೀಕ್ಷೆಯಲ್ಲಿ ಅದನ್ನು ಮೀರಿಸಿತು. ವಾಯುಗತಿಯ ಕೆಲಸಕ್ಕೆ ಗಣಕವನ್ನು ಕೊಳ್ಳುವವರು ನೋಡಬೇಕಾದ ಪಟ್ಟಿ ಯಾವುದೆಂಬುದು ಇದರಿಂದ ಸ್ಪಷ್ಟ.

2005ರ ಸುಮಾರಿಗೆ ಸಂಸ್ಕಾರಕಗಳ ಗಡಿಯಾರದ ವೇಗವು ಶಾಖದ ಕಾರಣದಿಂದ ನಿಂತುಹೋಯಿತು. ಅಲ್ಲಿಯವರೆಗೆ ಹಳೆಯ ಕ್ರಮವಿಧಿಯು ಹೊಸ ಯಂತ್ರದ ಮೇಲೆ ತಾನಾಗಿಯೇ ವೇಗಗೊಳ್ಳುತ್ತಿತ್ತು. ಅಂದಿನಿಂದ ಅದು ಪುನಾರಚನೆಯಿಲ್ಲದೆ ವೇಗಗೊಳ್ಳದು. ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ ನಿಯಮದಂತೆ, ಕ್ರಮವಿಧಿಯ ನೂರಕ್ಕೆ 5 ಭಾಗವು ಒಂದರ ಹಿಂದೆ ಒಂದಾಗಿಯೇ ನಡೆಯಬೇಕಾದುದಾದರೆ, ಲಕ್ಷ ಸಂಸ್ಕಾರಕಗಳನ್ನು ಕೊಟ್ಟರೂ ಲಾಭವು 20 ಪಟ್ಟನ್ನು ಮೀರದು. ಜಿಪಿಯುಗಳು ಬಂದ ಮೇಲೆ ಈ ಕಷ್ಟ ಇನ್ನೂ ಹೆಚ್ಚಿತು. ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟೊಟ್ಟಿಗೆ ಒದಗಿಸದಿದ್ದರೆ ಅವು ಕೆಲಸವಿಲ್ಲದೆ ಕುಳಿತಿರುತ್ತವೆ.

ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದ ಫನ್3ಡಿ ಎಂಬ ಕ್ರಮವಿಧಿಯು 1980ರ ದಶಕದ ಕೊನೆಯಲ್ಲಿ ಹುಟ್ಟಿದ್ದು. ಅಂದಿನಿಂದ ಇಂದಿನವರೆಗೆ ಅದು ಎಷ್ಟೋ ಯಂತ್ರಗಳ ಉದಯಾಸ್ತಗಳನ್ನು ಕಂಡಿದೆ. ಅದರ ಕರ್ತೃಗಳು ವರ್ಷಗಟ್ಟಲೆ ಶ್ರಮಿಸಿ ಅದನ್ನು ಜಿಪಿಯುಗಳಿಗೆ ಒಗ್ಗಿಸಿದುದರಿಂದಲೇ, ಮನುಷ್ಯರನ್ನು ಹೊತ್ತ ಭಾರವಾದ ನೌಕೆಯು ಮಂಗಳದ ತೆಳುವಾದ ವಾತಾವರಣದಲ್ಲಿ ಪ್ಯಾರಾಚೂಟಿನಿಂದ ನಿಲ್ಲಲಾರದೆ, ಇದಿರುಗಾಳಿಗೆ ರಾಕೆಟ್ಟುಗಳನ್ನು ಉರಿಸಿ ಇಳಿಯಬೇಕಾದಾಗ ಏನಾಗುವುದೆಂಬ ಲೆಕ್ಕವನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಸಮಿಟ್ ಗಣಕದ ಮೇಲೆ ಮಾಡಲು ಸಾಧ್ಯವಾಯಿತು. ಭೂಮಿಯ ಮೇಲಿನ ಯಾವ ಸುರಂಗದಲ್ಲಿಯೂ ಪೂರ್ಣವಾಗಿ ಪುನರ್ನಿರ್ಮಿಸಲಾಗದ ಪ್ರವಾಹ ಅದು.

ಇಷ್ಟಿದ್ದೂ ನಾಸಾ ಸಂಸ್ಥೆಯ ಆಂತರಿಕ ಪರಿಶೋಧಕರು 2024ರ ಮಾರ್ಚಿನಲ್ಲಿ ಹೊರಡಿಸಿದ ವರದಿಯು ಎಚ್ಚರಿಕೆಯ ಗಂಟೆಯಂತಿದೆ. ಏಮ್ಸ್ ಕೇಂದ್ರದಲ್ಲಿ ಸಾಮಾನ್ಯ ಸಂಸ್ಕಾರಕಗಳು 18,000ಕ್ಕೂ ಹೆಚ್ಚಾಗಿದ್ದರೂ ಜಿಪಿಯುಗಳು ಕೇವಲ 48 ಇವೆಯೆಂದೂ, ಬೇಡಿಕೆಯು ಸಾಮರ್ಥ್ಯವನ್ನು ಮೀರಿ ಕೆಲಸಗಳು ತಡವಾಗುತ್ತಿವೆಯೆಂದೂ, ಕಾಯಲಾರದ ವಿಭಾಗಗಳು ಸ್ವಂತ ಗಣಕಗಳನ್ನು ಇಟ್ಟುಕೊಳ್ಳುತ್ತಿವೆಯೆಂದೂ, ಚಂದ್ರನೆಡೆಗೆ ಹೋಗತಕ್ಕ ಅವರ ಮಹಾರಾಕೆಟ್ಟಿನ ತಂಡವೊಂದೇ ಇದಕ್ಕಾಗಿ ವರ್ಷಕ್ಕೆ 2,50,000 ಡಾಲರ್ ವ್ಯಯಿಸುತ್ತಿದೆಯೆಂದೂ ಅದರಲ್ಲಿ ಹೇಳಿದೆ. ಐವತ್ತು ವರ್ಷಗಳ ಪರಂಪರೆಯುಳ್ಳ ಕೇಂದ್ರಕ್ಕೇ ಹೀಗಾದುದು ಹಣದ ಕೊರತೆಯಿಂದ ಮಾತ್ರವಲ್ಲ. ಅಲ್ಲಿನ ಬಹುಪಾಲು ಕ್ರಮವಿಧಿಗಳು ಇನ್ನೂ ಸಾಮಾನ್ಯ ಸಂಸ್ಕಾರಕಗಳಿಗೆಂದೇ ಬರೆಯಲ್ಪಟ್ಟವು. ಅವು ಬದಲಾಗದ ಹೊರತು ಜಿಪಿಯುಗಳನ್ನು ಕೊಂಡು ಫಲವಿಲ್ಲ, ಜಿಪಿಯುಗಳಿಲ್ಲದ ಹೊರತು ಅವನ್ನು ಬದಲಾಯಿಸಲು ಯಾರಿಗೂ ಪ್ರೇರಣೆಯಿಲ್ಲ. ಈ ಗಂಟನ್ನು ಬಿಡಿಸಬೇಕಾದರೆ ಎರಡಕ್ಕೂ ಒಂದೇ ಸಮಯದಲ್ಲಿ ಕೈಹಾಕಬೇಕು.

ಇದರ ಜೊತೆಗೆ ಹೊಸದೊಂದು ಆತಂಕವೂ ಸೇರಿದೆ. ಕೃತಕ ಬುದ್ಧಿಮತ್ತೆಯ ಬೇಡಿಕೆಯು ಅಪಾರವಾಗಿ ಬೆಳೆದು, ಬಿಲ್ಲೆಗಳ ತಯಾರಕರು 16 ಅಥವಾ ಇನ್ನೂ ಕಡಮೆ ಬಿಟ್ಟುಗಳ ಸ್ಥೂಲವಾದ ಲೆಕ್ಕಕ್ಕೆ ಹೆಚ್ಚು ಸ್ಥಳವನ್ನು ಕೊಡುತ್ತ, ವಾಯುಗತಿಗೆ ಬಹುಕಾಲದಿಂದ ಆಧಾರವಾಗಿರುವ 64 ಬಿಟ್ಟುಗಳ ಸೂಕ್ಷ್ಮವಾದ ಲೆಕ್ಕಕ್ಕೆ ಸ್ಥಳವನ್ನು ಕುಗ್ಗಿಸುತ್ತಿದ್ದಾರೆ. ವಿಮಾನದ ಎಳೆತವನ್ನು ಅದರ ಗುಣಾಂಕದ ಹತ್ತುಸಾವಿರದ ಒಂದು ಭಾಗದ ಮಾನದಲ್ಲಿ ಎಣಿಸುವ ಶಿಲ್ಪಿಗೆ ಇದು ಸಣ್ಣ ವಿಷಯವಲ್ಲ. ಲೆಕ್ಕದ ಯಾವ ಭಾಗವನ್ನು ಸ್ಥೂಲವಾಗಿ ಮಾಡಿದರೂ ಅಂತಿಮ ಉತ್ತರ ಕೆಡದೆಂಬುದನ್ನು ಗಣಿತದಿಂದ ಸಾಧಿಸಿ, ಉಳಿದುದನ್ನು ಮಾತ್ರ ಸೂಕ್ಷ್ಮವಾಗಿ ನಡೆಸುವ ಮಿಶ್ರಪದ್ಧತಿಗಳು ಬೆಳೆಯುತ್ತಿವೆ. ವಿದ್ಯುತ್ತಿನ ಮಾತನ್ನೂ ಮರೆಯುವಂತಿಲ್ಲ: ಫ್ರಾಂಟಿಯರ್ ಗಣಕವೊಂದೇ ಸುಮಾರು 21 ಮೆಗಾವಾಟ್ ಬಯಸುತ್ತದೆ, ಆ ಶಕ್ತಿಯೆಲ್ಲ ಶಾಖವಾಗಿ ಹೊರಬೀಳುತ್ತದೆ, ಶಾಖವನ್ನು ಕಳೆಯಲು ನೀರು ಬೇಕು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡಿದ ಬೆಂಗಳೂರಿನಲ್ಲಿ ಮುಂದಿನ ಗಣಕವನ್ನು ಇಡಬಯಸುವವರು ಹೊರಗಾಳಿಯಿಂದಲೂ ಮರುಬಳಕೆಯ ನೀರಿನಿಂದಲೂ ತಂಪು ಮಾಡುವ ವಿಧಾನಗಳನ್ನು ಮೊದಲೇ ಯೋಚಿಸತಕ್ಕದ್ದು.

ಇಷ್ಟೆಲ್ಲ ವೆಚ್ಚದಿಂದ ಆದ ಪ್ರಯೋಜನವೇನೆಂದು ಕೇಳುವವರಿಗೆ ಬೋಯಿಂಗ್ ಸಂಸ್ಥೆಯ ಅನುಭವವು ಉತ್ತರ ಕೊಡುತ್ತದೆ. 1980ರ ಸುಮಾರಿನ 767 ವಿಮಾನದ ಕಾಲದಲ್ಲಿ ಸುರಂಗದಲ್ಲಿ ಪರೀಕ್ಷಿಸಬೇಕಾದ ರೆಕ್ಕೆಗಳ ಮಾದರಿಗಳು 77 ಆಗಿದ್ದರೆ, 787ರ ಕಾಲಕ್ಕೆ ಅವು 11ಕ್ಕೆ ಇಳಿದುವು. ಆದರೆ ಈ ಯಶಸ್ಸು ಮುಖ್ಯವಾಗಿ ನೇರವಾದ ಸಮಗತಿಯ ಹಾರಾಟಕ್ಕೆ ಸೇರಿದ್ದು. ವಿಮಾನವು ಇಳಿಯುವಾಗ ಫಲಕಗಳನ್ನು ಚಾಚಿ, ಮೂತಿಯನ್ನು ಎತ್ತಿ, ಗಾಳಿಯು ರೆಕ್ಕೆಯನ್ನು ಬಿಟ್ಟು ಸಿಡಿಯುವ ಅಂಚಿಗೆ ಬಂದಾಗ ಸರಾಸರಿಯ ಸೂತ್ರಗಳು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಉತ್ತರವನ್ನು ಕೊಡುತ್ತವೆ. 2010ರಿಂದ ನಡೆದುಬಂದಿರುವ ಅಂತಾರಾಷ್ಟ್ರೀಯ ಕಾರ್ಯಾಗಾರಗಳಲ್ಲಿ ಇದು ಮತ್ತೆ ಮತ್ತೆ ವ್ಯಕ್ತವಾಗಿದೆ. ನಾಸಾ ಸಂಸ್ಥೆಗಾಗಿ ಸಿದ್ಧವಾಗಿ 2014ರಲ್ಲಿ ಪ್ರಕಟವಾದ, 2030ರ ಹೊತ್ತಿಗೆ ಈ ಶಾಸ್ತ್ರವು ಎಲ್ಲಿರಬೇಕೆಂಬುದನ್ನು ವಿಚಾರಿಸಿದ ಅಧ್ಯಯನವೂ, ಮುಖ್ಯವಾದ ತಡೆಯೆಂದು ಗುರುತಿಸಿದ್ದು ಹೀಗೆ ಕ್ಷುಬ್ಧವಾಗಿ ಬೇರ್ಪಡುವ ಪ್ರವಾಹವನ್ನೇ. ದೊಡ್ಡ ಸುಳಿಗಳನ್ನು ಲೆಕ್ಕಿಸಿ ಗೋಡೆಯ ಪದರಕ್ಕೆ ಮಾತ್ರ ಸೂತ್ರ ಹೊದಿಸುವ ಪದ್ಧತಿಯು, ಜಿಪಿಯುಗಳ ಬೆಂಬಲದೊಡನೆ, ಈಚಿನ ಕಾರ್ಯಾಗಾರಗಳಲ್ಲಿ ಭರವಸೆಯನ್ನು ಹುಟ್ಟಿಸಿದೆ.

ನಮ್ಮ ದೇಶದಲ್ಲಿ ತೇಜಸ್ ಯುದ್ಧವಿಮಾನದ ಮುಂದಿನ ಆವೃತ್ತಿಗಳೂ, ಸಣ್ಣ ಪ್ರಯಾಣಿಕ ವಿಮಾನಗಳೂ, ಮನುಷ್ಯರನ್ನು ಒಯ್ಯತಕ್ಕ ಗಗನಯಾನದ ನೌಕೆಯೂ ಇಂತಹ ಲೆಕ್ಕಗಳನ್ನು ಬೇಡುತ್ತಿವೆ. ಆ ಕಾರಣದಿಂದ, ಮುಂದಿನ ಗಣಕಕ್ಕೆ ಟೆಂಡರು ಕರೆಯುವ ಸಂಸ್ಥೆಯು ಪೆಟಾಫ್ಲಾಪುಗಳ ಸಂಖ್ಯೆಯನ್ನು ಬರೆಯುವ ಬದಲು, ತನ್ನದೇ ಕ್ರಮವಿಧಿಯಿಂದ ತನ್ನದೇ ವಿಮಾನದ ಫಲಕ ಚಾಚಿದ ಸ್ಥಿತಿಯ ಪ್ರವಾಹವನ್ನು ಇಷ್ಟು ಗಂಟೆಗಳೊಳಗೆ ಮುಗಿಸಬೇಕೆಂದು ಷರತ್ತನ್ನು ಬರೆಯಬೇಕು. ಯಂತ್ರಕ್ಕೆ ಮಂಜೂರಾದ ಹಣದ ಒಂದು ನಿಶ್ಚಿತ ಭಾಗವನ್ನು ಕ್ರಮವಿಧಿಯನ್ನು ತಿದ್ದುವವರ ಸಂಬಳಕ್ಕೆಂದು ಪ್ರತ್ಯೇಕಿಸಬೇಕು. ಪಿಎಚ್‌ಡಿ ಮುಗಿದೊಡನೆ ವಿದ್ಯಾರ್ಥಿಯು ಬೇರೆಡೆಗೆ ಹೋಗಿ, ಅವನು ಬರೆದ ಕ್ರಮವಿಧಿಯು ಓದುವವರಿಲ್ಲದೆ ಅನಾಥವಾಗುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಿತ್ಯ ಕಾಣತಕ್ಕ ಸಂಗತಿ. ಅಂತಹವರಲ್ಲಿ ಕೆಲವರನ್ನಾದರೂ, ಪ್ರಬಂಧಗಳ ಎಣಿಕೆಯಿಂದಲ್ಲದೆ ಕ್ರಮವಿಧಿಯ ಯೋಗ್ಯತೆಯಿಂದಲೇ ಬಡ್ತಿ ಪಡೆಯಬಲ್ಲ ಖಾಯಂ ಹುದ್ದೆಗಳಲ್ಲಿ ಉಳಿಸಿಕೊಳ್ಳಬೇಕು. ಫ್ಲೋಸಾಲ್ವರಿನ ಮೊದಲ ಆವೃತ್ತಿಯನ್ನು ನಿಲ್ಲಿಸಿದ ತಂಡದಲ್ಲಿ ಗಣಿತಜ್ಞನೂ ವಿದ್ಯುತ್ ತಂತ್ರಜ್ಞನೂ ವಾಯುಗತಿಜ್ಞನೂ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದರು. ಇಂದು ಈ ಮೂವರಿಗೂ ಮೂರು ಬೇರೆ ಬೇರೆ ಇಲಾಖೆಗಳಿಂದ ಹಣ ಬರುತ್ತದೆ.